ಎಂಜಿನ್ನಿನ ಹೊಗೆಯೂ ಮೂಗಿನ ಸಾಕ್ಷಿಯೂ



ತರ್ಕಶಾಸ್ತ್ರವನ್ನು ಓದಲು ಕುಳಿತ ವಿದ್ಯಾರ್ಥಿಗೆ ಗುರುಗಳು ಮೊದಲು ಕೊಡುವ ಉದಾಹರಣೆ ಹೊಗೆಯದು. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಏಕೆಂದರೆ ಅಡುಗೆಮನೆಯಲ್ಲಿ ಇವೆರಡೂ ಒಟ್ಟಿಗಿರುವುದನ್ನು ನಾವು ಕಂಡಿದ್ದೇವೆ. ಕೆರೆಯಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ, ಅದನ್ನೂ ಕಂಡಿದ್ದೇವೆ. ಪಂಡಿತ ಪರೀಕ್ಷೆಗೆ ಕಟ್ಟಿದ್ದ ಕಾಲದಲ್ಲಿ ಇದನ್ನು ಗಿಳಿಪಾಠ ಮಾಡಿ ಒಪ್ಪಿಸಿದವರಲ್ಲಿ ನಾನೂ ಒಬ್ಬ. ಕೆರೆಯಲ್ಲಿ ಹೊಗೆಯಿಲ್ಲವೆಂದು ಹೇಳಿದ ಆ ಹಿರಿಯರು ಮೋಟಾರು ದೋಣಿಯನ್ನು ಕಂಡವರಲ್ಲ, ಪಾಪ.

ಈ ಮಾತು ನನಗೆ ಹೊಳೆದದ್ದು ಲಕ್ಕವಳ್ಳಿಯಲ್ಲಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟೆ ಕಟ್ಟಿದ್ದಾರೆ. ಅದು 186 ಅಡಿ ತುಂಬಿತೆಂದರೆ ನಮ್ಮ ಕಡೆ ಅದೊಂದು ಹಬ್ಬದ ಸುದ್ದಿ. ಬೇಸಿಗೆಗೆ ನೀರು ಇಳಿದಾಗ ನಡುವೆ ಎದ್ದು ಕಾಣುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಎಂಬ ಹಕ್ಕಿಗಳು ಮೊಟ್ಟೆಯಿಡುತ್ತವೆ. ಅವುಗಳನ್ನು ನೋಡಲು ಜನ ದೋಣಿಯಲ್ಲಿ ಹೋಗುತ್ತಾರೆ. ನಮ್ಮ ಶಾಲೆಯ ಮಕ್ಕಳನ್ನು ಕಟ್ಟೆ ತೋರಿಸಲು ಕರೆದುಕೊಂಡು ಹೋಗಿದ್ದಾಗ, ದಡದಲ್ಲಿ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ದೋಣಿ ಮುಂದಕ್ಕೆ ಓಡುತ್ತೆ, ಹೊಗೆ ಹಿಂದಕ್ಕೆ ಹೋಗುತ್ತೆ. ಹಾಗಿದ್ದರೆ ಹಿಂದೆ ಕೂತವರಿಗೆ ಹೊಗೆಯ ವಾಸನೆ ಯಾಕೆ ಬರಬೇಕು? ದೋಣಿ ಅದನ್ನು ಬಿಟ್ಟು ಮುಂದೆ ಹೋಗಿರುತ್ತಲ್ಲ?"

ನಾನು ಉತ್ತರ ಹೇಳಲಿಲ್ಲ, ನನಗೆ ತಿಳಿದಿರಲಿಲ್ಲ. ಶಾಲೆಗೆ ಹೋದ ಮೇಲೆ ವಿಜ್ಞಾನದ ಮೇಷ್ಟರನ್ನು ಕೇಳು ಎಂದು ಜಾರಿಕೊಂಡೆ. ಆದರೆ ಹೊಗೆ, ವಾಸನೆ, ಎಂಜಿನು ಈ ಮೂರು ಮಾತುಗಳನ್ನು ಒಟ್ಟಿಗೆ ಕೇಳಿದರೆ ನನ್ನ ಮನಸ್ಸು ಬೇರೊಂದು ಕಡೆಗೆ ಹೋಗುತ್ತದೆ. ಅದನ್ನು ಹೇಳದೆ ಮುಂದಿನ ಮಾತು ಹೇಳಲಾರೆ.

ಕಡೂರಿನಿಂದ ಹತ್ತಾರು ಮೈಲಿ ದೂರದ ಹಳ್ಳಿ ನಮ್ಮದು. ತೆಂಗಿನ ತೋಟ, ಅದಕ್ಕೊಂದು ಕಲ್ಲುಕಟ್ಟಡದ ತೆರೆದ ಬಾವಿ. 1985ರ ಬೇಸಿಗೆ, ನಾನಾಗ ಎಂಟನೆಯ ತರಗತಿ ಮುಗಿಸಿದ್ದೆ. ಬಾವಿಯ ನೀರು ಆಳಕ್ಕೆ ಹೋಗಿತ್ತು. ದಡದ ಮೇಲಿಟ್ಟ ಪಂಪು ನೀರನ್ನು ಎಷ್ಟು ಆಳದಿಂದಲಾದರೂ ಎಳೆಯಬಲ್ಲದೆಂದು ತಿಳಿಯಬಾರದು. ಪಂಪು ನೀರನ್ನು ಎಳೆಯುತ್ತದೆ ಎನ್ನುವುದು ನಮ್ಮ ಮಾತಿನ ರೂಢಿ. ನಿಜವಾಗಿ ನೀರನ್ನು ಮೇಲಕ್ಕೆ ದೂಡುವುದು ಹೊರಗಿನ ಗಾಳಿಯ ಒತ್ತಡ. ಆ ಒತ್ತಡಕ್ಕೆ ಲೆಕ್ಕದಲ್ಲಿ ಮೂವತ್ತನಾಲ್ಕು ಅಡಿಯ ಶಕ್ತಿ ಉಂಟು, ಬಳಕೆಯಲ್ಲಿ ಇಪ್ಪತ್ತು ಇಪ್ಪತ್ತೈದು ಅಡಿಗೆ ಅದು ಕೈಬಿಡುತ್ತದೆ. ಆದುದರಿಂದ ನೀರು ಇಳಿದಂತೆ ಪಂಪನ್ನೂ ಎಂಜಿನ್ನನ್ನೂ ಬಾವಿಯೊಳಗೆ ಇಳಿಸುವುದು ಆಗ ಎಲ್ಲರೂ ಮಾಡುತ್ತಿದ್ದ ಕೆಲಸ. ನಮ್ಮಲ್ಲೂ ಬಾವಿಯ ನಡುವಿನ ಕಲ್ಲಿನ ಮೆಟ್ಟಿಲ ಮೇಲೆ ಹಲಗೆ ಹಾಸಿ, ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ಓಡುವ ಸಣ್ಣ ಎಂಜಿನ್ನೊಂದನ್ನು ಕೂರಿಸಿದ್ದರು.

ಚಿಕ್ಕಪ್ಪ ದಡ್ಡರಲ್ಲ. ಹೊಗೆ ಬಾವಿಯಲ್ಲಿ ನಿಲ್ಲಬಾರದೆಂದು ಎಂಜಿನ್ನಿನ ಹೊಗೆಕೊಳವೆಗೆ ತಗಡಿನ ಕೊಳವೆ ಜೋಡಿಸಿ ಅದರ ಬಾಯನ್ನು ಬಾವಿಯ ಕಟ್ಟೆಯ ಮೇಲಕ್ಕೆ ತಂದಿದ್ದರು. ಎಂಜಿನು ಓಡುವಾಗ ಆ ಬಾಯಿಂದ ತೆಳುವಾಗಿ ಹೊಗೆ ಬರುತ್ತಿತ್ತು. ಅದನ್ನು ನೋಡಿ ನಮಗೆಲ್ಲ ಧೈರ್ಯ, ಹೊಗೆ ಹೊರಗೆ ಹೋಗುತ್ತಿದೆಯಲ್ಲ ಎಂದು. ಬಾವಿಯೊಳಗೆ ಬಗ್ಗಿ ನೋಡಿದರೆ ಹೊಗೆಯಿಲ್ಲ. ಸೀಮೆಎಣ್ಣೆಯ ಕಮಟು ಇದ್ದೇ ಇತ್ತು, ಅದು ದಿನವೂ ಇರುವುದು.

ಒಂದು ಸಂಜೆ ಎಂಜಿನು ನಿಲ್ಲಿಸಲು ಚಿಕ್ಕಪ್ಪ ಇಳಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು ಅವರ ಪದ್ಧತಿ. ಎಂಜಿನು ನಿಂತಿತು. ಚಿಕ್ಕಪ್ಪ ಮೇಲೆ ಬರಲಿಲ್ಲ, ಕೂಗಿದರೆ ಓಗೊಡಲಿಲ್ಲ. ಪಕ್ಕದ ತೋಟದಲ್ಲಿ ಮಡಿ ಕಟ್ಟುತ್ತಿದ್ದ ನೆರೆಯವರೊಬ್ಬರು ಓಡಿಬಂದು, ಯಾರೂ ತಡೆಯುವ ಮೊದಲೇ, ಹಗ್ಗವಿಲ್ಲದೆ ಮೆಟ್ಟಿಲಿಳಿದುಬಿಟ್ಟರು. ಕೆಲವು ನಿಮಿಷಗಳಲ್ಲಿ ಅವರ ಕೈಯೂ ಜೋತುಬಿತ್ತು. ಮೂರನೆಯವರಾಗಿ ನಮ್ಮಪ್ಪ ಇಳಿಯಲು ಹೊರಟಾಗ ಅಜ್ಜಿ ಅವರ ಪಂಚೆ ಹಿಡಿದು ಕುಳಿತುಬಿಟ್ಟಳು. "ಹಗ್ಗ ಎಳೀರೋ, ಇಳೀಬೇಡಿ" ಎಂದು ಅವಳು ಕೂಗಿದ್ದು ನನಗಿನ್ನೂ ಕಿವಿಯಲ್ಲಿದೆ. ಹಗ್ಗ ಕಟ್ಟಿಕೊಂಡಿದ್ದ ಚಿಕ್ಕಪ್ಪನನ್ನು ಎಳೆದುಕೊಂಡರು, ಅವರು ಬದುಕಿದರು. ಅವರನ್ನು ಎತ್ತಲು ಇಳಿದವರು ಬದುಕಲಿಲ್ಲ.

ಮಾರನೆಯ ದಿನ ಬೀರೂರಿನಿಂದ ಬಂದ ಮೆಕ್ಯಾನಿಕ್ಕು ಎಂಜಿನ್ನನ್ನು ಮೇಲೆತ್ತಿಸಿ, ಬಿಸಿಲಿನಲ್ಲಿಟ್ಟು, ಕೊಳವೆ ಎಂಜಿನ್ನಿಗೆ ಸೇರುವ ಜಾಗವನ್ನು ಬೆರಳಿನಿಂದ ತೋರಿಸಿದ. ಬೋಲ್ಟು ಸಡಿಲಾಗಿ ಅಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿತ್ತು. ಆ ಸಂದಿನಿಂದ ಹೊರಟು ಕಬ್ಬಿಣದ ಮೇಲೆ ಕಾಡಿಗೆ ತೀಡಿದಂತೆ ಒಂದು ಕಪ್ಪು ಗೆರೆ. ಎಷ್ಟು ದಿನದಿಂದ ಅದು ಅಲ್ಲಿತ್ತೋ! ದಿನವೂ ಅದರ ಪಕ್ಕದಲ್ಲೇ ಕೈಯಾಡಿಸಿದ್ದರು, ಯಾರೂ ಓದಿರಲಿಲ್ಲ.

ಅಪ್ಪ ಆಮೇಲೆ ಎಂಜಿನ್ನನ್ನು ಮೇಲಿನಿಂದಲೇ ನಿಲ್ಲಿಸುವಂತೆ ಒಂದು ತಂತಿ ಎಳೆಸಿ, ಕಟ್ಟೆಗೆ ಮೊಳೆ ಹೊಡೆದು ಕಟ್ಟಿದರು. ಈಗ ಬಾವಿ ಒಣಗಿದೆ, ತೋಟಕ್ಕೆ ಕೊಳವೆಬಾವಿಯ ನೀರು. ಮೊಳೆ ಮಾತ್ರ ಅಲ್ಲೇ ಇದೆ.

ಕನ್ನಡ ಮೇಷ್ಟರಿಗೆ ಎಂಜಿನ್ನಿನ ಮಾತೇಕೆ ಎಂದು ಕೇಳುವವರಿಗೆ ಇಷ್ಟು ಸಾಕೆಂದು ಕಾಣುತ್ತದೆ.

ಲಕ್ಕವಳ್ಳಿಯ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವಿಜ್ಞಾನದ ಮೇಷ್ಟರಿಂದಲ್ಲ, ನನ್ನ ಹಳೆಯ ವಿದ್ಯಾರ್ಥಿಯಿಂದ. ತರೀಕೆರೆಯವನು. ಸಂಧಿ ಸಮಾಸಗಳಲ್ಲಿ ನನ್ನ ಕೈಯಲ್ಲಿ ಬಹಳ ಬೈಸಿಕೊಂಡವನು, ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು ಮಲ್ಪೆಗೆ ಹೋಗಿ ಈಗ ಮೀನುಗಾರಿಕೆಯ ದೋಣಿಗಳ ಎಂಜಿನು ನೋಡಿಕೊಳ್ಳುತ್ತಾನೆ. ಭಾರತದ ಪಶ್ಚಿಮ ಕರಾವಳಿಯಲ್ಲಿ ದೋಣಿಗೆ ಎಂಜಿನು ಕೂರಿಸುವ ಕೆಲಸ ವ್ಯವಸ್ಥಿತವಾಗಿ ಮೊದಲಾದದ್ದು 1950ರ ದಶಕದಲ್ಲಿ. 1953ರಲ್ಲಿ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ನಾರ್ವೆ ದೇಶದ ನೆರವಿನ ಯೋಜನೆ ಅದಕ್ಕೆ ದೊಡ್ಡ ದಾರಿ ಮಾಡಿತು. ಮಲ್ಪೆಯ ದೊಡ್ಡ ದೋಣಿಗಳಲ್ಲಿ ಎಂಜಿನು ಒಡಲಿನೊಳಗೆ ಇರುತ್ತದೆ. ಸಣ್ಣ ದೋಣಿಗಳಿಗೆ ಹಿಂಬದಿಯಲ್ಲಿ ಹೊರಗೆ ನೇತುಹಾಕುವ ಎಂಜಿನು ಬೇರೆ ಜಾತಿ.

ಹಬ್ಬಕ್ಕೆ ಊರಿಗೆ ಬಂದಿದ್ದವನನ್ನು ಹಿಡಿದು ಕೂರಿಸಿ, ನಮ್ಮ ಬಾವಿಯ ಕಥೆಯನ್ನೂ ಹುಡುಗಿಯ ಪ್ರಶ್ನೆಯನ್ನೂ ಮುಂದಿಟ್ಟೆ. ಅವನೆಂದ: "ಮೇಷ್ಟ್ರೇ, ಒಳಗೆ ಎಂಜಿನ್ ಇರೋ ದೋಣಿ ಅಂದ್ರೆ ನೀರಿನ ಮೇಲೆ ತೇಲೋ ಬಾವಿ ಕಣ್ರೀ. ನಿಮ್ಮ ಬಾವೀಲಿ ಏನಾಯ್ತೋ ನಮ್ಮ ಎಂಜಿನ್ ರೂಮಲ್ಲೂ ಅದೇ ಆಗೋದು."

ಅವನು ವಾಸನೆಯನ್ನು ವಿಚಾರಿಸುವ ಕ್ರಮ ನನಗೆ ಬಹಳ ಹಿಡಿಸಿತು. ವ್ಯಾಕರಣದವನಿಗೆ ಅದು ವಿಭಕ್ತಿ ಪ್ರಶ್ನೆಗಳಂತೆಯೇ ಕಂಡಿತು. ಯಾವುದರಿಂದ ಎಂದು ಅವನು ಮೊದಲು ಕೇಳುವುದಿಲ್ಲ, ಯಾವಾಗ ಎಂದು ಕೇಳುತ್ತಾನೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಹೊರಡಿಸಿದಾಗ ಮಾತ್ರ ವಾಸನೆಯೋ, ಕಾದ ಮೇಲೂ ಉಂಟೋ? ನಿಂತಲ್ಲಿ ಓಡುವಾಗಲೋ, ಬಲೆ ಎಳೆಯುವ ಭಾರದಲ್ಲೋ? ಗಾಳಿ ಹಿಂದಿನಿಂದ ಬೀಸುವಾಗ ಮಾತ್ರವೋ? ಎಂಜಿನು ನಿಂತ ಮೇಲೂ ಇದ್ದರೆ ಅದು ಹೊಗೆಯ ವಾಸನೆಯೇ ಅಲ್ಲ, ಎಲ್ಲೋ ಎಣ್ಣೆ ಸೋರುತ್ತಿದೆ. ಈ ಪ್ರಶ್ನೆಗಳಿಗೆ ಉತ್ತರ ಬಂದರೆ ಅರ್ಧ ಕೆಲಸ ಮುಗಿಯಿತಂತೆ.

ಬಣ್ಣದ ಮಾತು ನಮ್ಮ ರೈತರಲ್ಲಿ ಅನೇಕರಿಗೆ ಗೊತ್ತು. ಡೀಸೆಲ್ ಎಂಜಿನು ಕರಿಹೊಗೆ ಉಗುಳಿದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ನಾಜಲ್ಲು ಸರಿಯಾಗಿ ಚಿಮುಕಿಸದೆ ತೊಟ್ಟಿಕ್ಕುತ್ತಿರಬಹುದು, ಹೊರಲಾರದ ಭಾರವನ್ನು ಹೊರಿಸಿರಬಹುದು. ದೋಣಿಯಾದರೆ ಪ್ರೊಪೆಲರಿಗೆ ಬಲೆಯ ಚೂರೋ ಹಗ್ಗವೋ ಸುತ್ತಿಕೊಂಡಿದ್ದರೂ ಹಾಗೆಯೇ. ನೀಲಿ ಹೊಗೆಯೆಂದರೆ ಉರಿಯುತ್ತಿರುವುದು ಡೀಸೆಲ್ ಅಲ್ಲ, ಒಳಗಿನ ಆಯಿಲ್ಲು; ಪಿಸ್ಟನ್ ರಿಂಗು ಸವೆದಿದೆ, ಇಲ್ಲವೆ ಯಾರೋ ಧಾರಾಳವಾಗಿ ಅಳತೆ ಮೀರಿ ಆಯಿಲ್ಲು ಸುರಿದಿದ್ದಾರೆ. ಬಿಳಿಯದರಲ್ಲಿ ಮಾತ್ರ ಎಚ್ಚರ ಬೇಕು. ಬಿಳಿಯಲ್ಲಿ ಎರಡು ಬಿಳಿ. ಒಂದು ನೀರಿನ ಹಬೆ, ಗಾಳಿಗೆ ಬಂದೊಡನೆ ಕರಗಿಹೋಗುತ್ತದೆ. ಇನ್ನೊಂದು ಉರಿಯದೆ ಹೊರಬಂದ ಡೀಸೆಲ್ಲಿನ ಮಂಜು. ಅದು ಬೇಗ ಕರಗುವುದಿಲ್ಲ, ಕಣ್ಣು ಉರಿಸುತ್ತದೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಕಾದ ಮೇಲೂ ನಿಲ್ಲದಿದ್ದರೆ ಒಳಗೆ ಒತ್ತಡ ಸಾಲದು. ಹಬೆಯೇ ನಿಲ್ಲದೆ ಬರುತ್ತಿದ್ದು, ಜೊತೆಗೆ ಆಲೆಮನೆಯಲ್ಲಿ ಪಾಕ ಸೀದಂತೆ ಸಿಹಿ ವಾಸನೆಯಿದ್ದರೆ, ಎಂಜಿನು ತಣಿಸುವ ಕೂಲೆಂಟ್ ಹೆಡ್ ಗ್ಯಾಸ್ಕೆಟ್ಟಿನ ಮೂಲಕ ಒಳಕ್ಕೆ ಹರಿಯುತ್ತಿದೆಯೆಂದು ಶಂಕಿಸಬೇಕು.

ಇದಕ್ಕಿಂತ ಹೊಸದಾಗಿ ನನಗೆ ಕಂಡದ್ದು ವಾಸನೆಗಳ ಭೇದ. ಸುಟ್ಟ ರಬ್ಬರಿನ ವಾಸನೆ ಬಂದರೆ ನಮ್ಮ ಪಂಪಿನಲ್ಲಾದರೆ ಬೆಲ್ಟು ಜಾರುತ್ತಿದೆ ಎನ್ನುತ್ತೇವೆ. ದೋಣಿಯಲ್ಲಿ ಅದಕ್ಕೆ ಇನ್ನೊಂದು ಕಾರಣವುಂಟು. ಕೆಲವು ದೋಣಿಗಳಲ್ಲಿ ಹೊರಗಿನ ನೀರನ್ನು ಎಳೆದು, ಎಂಜಿನು ತಣಿಸಿ, ಅದೇ ನೀರನ್ನು ಹೊಗೆಕೊಳವೆಗೆ ಬಿಡುತ್ತಾರೆ. ಹೊಗೆ ತಣ್ಣಗಾಗಿ ನೀರಿನೊಂದಿಗೆ ಹೊರಹೋಗುತ್ತದೆ. ಆದುದರಿಂದ ಕೊಳವೆ ರಬ್ಬರಿನದಾದರೂ ನಡೆಯುತ್ತದೆ. ನೀರು ಬರುವ ಬಾಯಿಗೆ ಪಾಚಿಯೋ ಪ್ಲಾಸ್ಟಿಕ್ ಚೀಲವೋ ಅಂಟಿಕೊಂಡರೆ ಬರಿಯ ಬೆಂಕಿಹೊಗೆ ರಬ್ಬರಿನೊಳಗೆ ನುಗ್ಗುತ್ತದೆ. ಆದ್ದರಿಂದ ಬಲ್ಲ ತಾಂಡೇಲ ಎಂಜಿನು ಹೊರಟೊಡನೆ ಹಿಂದಕ್ಕೆ ಬಗ್ಗಿ, ಹೊಗೆಯ ಜೊತೆ ನೀರು ಉಗುಳುತ್ತಿದೆಯೇ ಎಂದು ನೋಡುತ್ತಾನಂತೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಂಜಿನ್ನನ್ನು ಬಿಟ್ಟು ಬ್ಯಾಟರಿಯನ್ನು ಮುಟ್ಟಿ ನೋಡಬೇಕು. ಮಿತಿಮೀರಿ ಚಾರ್ಜಾಗಿ ಕುದಿಯುತ್ತಿರಬಹುದು. ಆಗ ಅದರಿಂದ ಹೊರಡುವ ಜಲಜನಕ ಒಂದು ಕಿಡಿಗೆ ಸಿಡಿಯಬಲ್ಲದು. ಬ್ಯಾಟರಿ ನೆಟ್ಟಗಿದ್ದರೆ ದೋಣಿಯ ತಳದಲ್ಲಿ ನಿಂತು ಕೊಳೆತ ನೀರು.

ಪೆಟ್ರೋಲಿನ ವಾಸನೆ ಇವೆಲ್ಲಕ್ಕಿಂತ ಬೇರೆ. ಅದರ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಬಂದು ಕೂರುತ್ತದೆ. ಮೇಲೆ ನಿಂತವನಿಗೆ ವಾಸನೆಯೇ ಬಾರದಿರಬಹುದು. ಅಲ್ಲಿ ಎಂಜಿನು ಹೊರಡಿಸುವ ಕಿಡಿಯೇ ಸಾಕು. ಪೆಟ್ರೋಲ್ ಎಂಜಿನು ಒಡಲಲ್ಲಿರುವ ದೋಣಿಗಳಲ್ಲಿ ಮೊದಲು ನಾಲ್ಕು ನಿಮಿಷವಾದರೂ ಫ್ಯಾನು ಹಾಕಿ ತಳದ ಗಾಳಿಯನ್ನು ಹೊರಗೆ ಊದಿಸಿ, ಆಮೇಲೆ ಕೀಲಿ ತಿರುಗಿಸುವುದು ರೂಢಿ.

"ಹೊಗೆ ಸೋರೋ ಜಾಗ ಹ್ಯಾಗೆ ಹುಡುಕ್ತೀಯಪ್ಪ?" ಎಂದೆ. ಅವನು ನಕ್ಕ. "ನಿಮ್ಮ ಬಾವಿ ಮೆಕ್ಯಾನಿಕ್ ತೋರಿಸಿದ್ನಲ್ಲ ಮೇಷ್ಟ್ರೇ, ಅದೇ. ಕಪ್ಪು ಗೆರೆ." ಟಾರ್ಚು ಹಿಡಿದು ಪ್ರತಿಯೊಂದು ಸಂದಿಯನ್ನೂ ನೋಡುತ್ತಾನೆ. ಗೆರೆ ಕಾಣದಿದ್ದರೆ ಎಂಜಿನು ತಣ್ಣಗಿರುವಾಗ ಸಂದಿಗಳಿಗೆ ಸೋಪಿನ ನೀರು ಬಳಿದು, ಹೊರಡಿಸಿದೊಡನೆ ಗುಳ್ಳೆ ಏಳುವುದೇ ಎಂದು ನೋಡುತ್ತಾನೆ. ಡೀಸೆಲ್ ಸೋರಿಕೆಗೆ ಒಂದು ಚೂರು ಬಿಳಿಯ ಕಾಗದ. ಕೊಳವೆಯ ಉದ್ದಕ್ಕೂ ಸವರಿದರೆ ಎಲ್ಲಿ ನೆನೆಯಿತೋ ಅಲ್ಲಿ. ಆದರೆ ನಾಜಲ್ಲಿಗೆ ಹೋಗುವ ಕೊಳವೆಗಳಲ್ಲಿ ಒತ್ತಡ ವಿಪರೀತ, ಎಂಜಿನು ಓಡುವಾಗ ಅಲ್ಲಿ ಬೆರಳಿಡಬಾರದು, ಸೂಜಿಯಂತೆ ಚರ್ಮದೊಳಕ್ಕೆ ನುಗ್ಗುತ್ತದೆ. ಒಂದು ಸಲಕ್ಕೆ ಒಂದೇ ಭಾಗವನ್ನು ಸರಿಮಾಡಿ ನೋಡಬೇಕೆಂಬುದು ಅವನ ಇನ್ನೊಂದು ಹಟ. ಒಟ್ಟಿಗೆ ನಾಲ್ಕು ಬದಲಾಯಿಸಿದರೆ ವಾಸನೆ ಹೋಗಬಹುದು, ಯಾವುದರಿಂದ ಬಂದಿತ್ತೆಂಬ ಜ್ಞಾನ ಬರುವುದಿಲ್ಲ.

ಅವನು ಮೂಗನ್ನು ಅಷ್ಟಾಗಿ ನಂಬುವುದಿಲ್ಲ. ಇದು ನನಗೆ ಮೊದಲು ಆಶ್ಚರ್ಯವೆನಿಸಿತು. ಆದರೆ ಯೋಚಿಸಿ ನೋಡಿ. ತರೀಕೆರೆಯ ಕಡೆ ಅಡಿಕೆ ಬೇಯಿಸುವ ಕಾಲದಲ್ಲಿ ಹೊರಗಿನಿಂದ ಹೋದವರಿಗೆ ಊರ ಬಾಗಿಲಲ್ಲೇ ಚೊಗರಿನ ವಾಸನೆ ಹೊಡೆಯುತ್ತದೆ; ಮನೆಯವರನ್ನು ಕೇಳಿದರೆ, ವಾಸನೆಯೇ, ಎಲ್ಲಿ ಎನ್ನುತ್ತಾರೆ. ಅಜ್ಜಂಪುರದಲ್ಲಿ ಈರುಳ್ಳಿ ಮೂಟೆಗಳ ನಡುವೆ ಮಲಗುವವರದೂ ಅದೇ ಪಾಡು. ಮೂಗು ಕೆಲವೇ ನಿಮಿಷಗಳಲ್ಲಿ ಸೋಲುತ್ತದೆ. ಅದಕ್ಕೆ ಅವನು ಎಂಜಿನ್ ಕೋಣೆಗೆ ಹೊಕ್ಕೊಡನೆ ಬಂದ ಮೊದಲ ವಾಸನೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾನೆ, ಒಳಗೇ ಇದ್ದವರ ಮಾತನ್ನು ಹಿಡಿಯುವುದಿಲ್ಲ. ಇನ್ನೊಂದು ಸಂಗತಿ: 2020ರ ಏಪ್ರಿಲಿನಿಂದ ದೇಶದಲ್ಲಿ ಮಾರುವ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗ ಮೀರಬಾರದೆಂದು ನಿಯಮವಾಗಿದೆ. ಹಿಂದಿನ ಹೊಗೆಯ ಆ ಘಾಟು ಈಗ ಅಷ್ಟಿಲ್ಲ. ಘಾಟನ್ನು ನೆಚ್ಚಿಕೊಂಡಿದ್ದ ಹಳಬರ ಮೂಗಿಗೆ ಈಗ ಎಚ್ಚರಿಕೆ ಸಿಗುವುದೂ ಕಡಿಮೆ.

ಇನ್ನು ಮೂಗಿಗೆ ಎಂದೂ ತಿಳಿಯದ್ದು. ಎಣ್ಣೆ ಪೂರ್ತಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ಬಾವಿಯಲ್ಲಿ ಇದ್ದದ್ದು ಅದೇ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ವಸ್ತುವಿಗೆ ಇದರ ಮೇಲೆ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಸೆಳೆತ. ಇದು ಬಂದು ಕೂತರೆ ಅದಕ್ಕೆ ಎಡೆಯಿಲ್ಲ. ಗಾಳಿಯ ಸಾವಿರ ಭಾಗದಲ್ಲಿ ಇದು ಒಂದು ಭಾಗವಿದ್ದರೂ ಒಂದೆರಡು ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಹೆಚ್ಚಿದ್ದರೆ ನಿಮಿಷಗಳ ಮಾತು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಹೊಲದಲ್ಲಿ ಬಿಸಿಲು ಹೊಡೆಯಿತೆನ್ನುತ್ತೇವೆ, ದೋಣಿಯಲ್ಲಿ ಅಲೆಯ ಓಲಾಟಕ್ಕೆ ಹೀಗಾಯಿತೆನ್ನುತ್ತಾರೆ. ಪೆಟ್ರೋಲ್, ಸೀಮೆಎಣ್ಣೆ ಎಂಜಿನುಗಳಲ್ಲಿ ಇದು ಬಹಳ; ಡೀಸೆಲ್ಲಿನಲ್ಲಿ ಕಡಿಮೆಯಾದರೂ ಮುಚ್ಚಿದ ಜಾಗದಲ್ಲಿ ಅದನ್ನೂ ನಂಬುವಂತಿಲ್ಲ.

ನಮ್ಮ ಹಳ್ಳಿಗಳಲ್ಲಿ ಬಾವಿಗಿಳಿಯುವ ಮೊದಲು ದೀಪ ಇಳಿಸಿ ನೋಡುವ ಪದ್ಧತಿಯುಂಟು. ದೀಪ ಆರಿದರೆ ಇಳಿಯಬಾರದು. ಇದು ಸರಿಯೇ; ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿ ಪ್ರಾಣವಾಯು ಕಡಿಮೆಯಾಗಿದ್ದರೆ ದೀಪ ಆರುತ್ತದೆ. ಆದರೆ ದೀಪ ಆರದಿದ್ದರೆ ಇಳಿಯಬಹುದು ಎಂದು ಅದನ್ನು ತಿರುಗಿಸಿ ಹೇಳಿದರೆ ತರ್ಕ ಕೆಟ್ಟಿತು. ಮನುಷ್ಯನನ್ನು ಕೊಲ್ಲುವಷ್ಟು ಮಾನಾಕ್ಸೈಡ್ ಇರುವ ಗಾಳಿಯಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತದೆ. ಪೆಟ್ರೋಲಿನ ಆವಿಯಿದ್ದರಂತೂ ಆ ದೀಪವೇ ಮೃತ್ಯು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಇದಕ್ಕಾಗಿಯೇ ಪಂಜರದಲ್ಲಿ ಕೆನೇರಿ ಹಕ್ಕಿಯನ್ನು ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು. 1986ರಲ್ಲಿ ಅದನ್ನು ಬಿಟ್ಟು ವಿದ್ಯುತ್ ಸಾಧನಗಳನ್ನು ತಂದರು. ಅಂಥ ಸಾಧನ ಈಗ ಅಂಗೈಯಷ್ಟಾಗಿ ಅಂಗಡಿಯಲ್ಲಿ ಸಿಗುತ್ತದೆ, ಅಪಾಯವಾದರೆ ಕೂಗುತ್ತದೆ. ಅದರ ಆಯುಷ್ಯ ಐದರಿಂದ ಹತ್ತು ವರ್ಷ. ಮೇಲೆ ಬರೆದಿರುವ ತಾರೀಖು ನೋಡಿ ಬದಲಾಯಿಸಬೇಕು. ನನ್ನ ಶಿಷ್ಯ ತಾನು ಮಲಗುವ ಕೋಣೆಯಲ್ಲಿ ಒಂದನ್ನು ತೂಗುಹಾಕಿಕೊಂಡಿದ್ದಾನೆ.

ಈಗ ಬಾವಿಯೊಳಗೆ ಎಂಜಿನು ಇಳಿಸುವವರು ಕಡಿಮೆ ಎನ್ನಬಹುದು. ಹಳೆಯ ಬಾವಿಯ ಹೂಳೆತ್ತಲು ಬಾಡಿಗೆಯ ಪಂಪು ತಂದು ಇಳಿಸುವುದುಂಟು. ಕರೆಂಟು ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಜನರೇಟರ್ ಓಡಿಸಿ, ಸದ್ದಾಗುತ್ತದೆಂದು ಬಾಗಿಲು ಹಾಕುವವರನ್ನು ನಾನೇ ಕಂಡು ಜಗಳವಾಡಿದ್ದೇನೆ. ಒಳಗೆ ಬಿದ್ದವರಿದ್ದರೆ ಹಗ್ಗದಿಂದ ಎಳೆಯಬೇಕು, ಮೇಲಿನಿಂದ ಗಾಳಿ ಊದಬೇಕು, 112ಕ್ಕೆ ಕರೆ ಮಾಡಿ ಅಗ್ನಿಶಾಮಕದವರನ್ನು ಕರೆಸಬೇಕು; ಅವರಿಗೆ ಉಸಿರಾಟದ ಸಲಕರಣೆಯಿರುತ್ತದೆ, ನಮಗಿಲ್ಲ. ಹೊರಗೆ ತಂದವರು ಎದ್ದು ಕುಳಿತರೂ ಆಸ್ಪತ್ರೆಗೆ ಒಯ್ಯಬೇಕು. ಬರಿಯ ಗಾಳಿಯಲ್ಲಿ ಆ ವಿಷ ರಕ್ತದಿಂದ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು. ನಮ್ಮ ಚಿಕ್ಕಪ್ಪನನ್ನು ಅಂದು ಮಜ್ಜಿಗೆ ಕುಡಿಸಿ ಜಗಲಿಯಲ್ಲಿ ಮಲಗಿಸಿದ್ದರು. ಬಹಳ ದಿನ ಅವರಿಗೆ ಹೆಸರುಗಳು ನೆನಪಿಗೆ ಬರುತ್ತಿರಲಿಲ್ಲ.

ಹುಡುಗಿಯ ಪ್ರಶ್ನೆಯೊಂದು ಉಳಿಯಿತು. ದೋಣಿ ಮುಂದೆ ಓಡುವಾಗ ಅದರ ಬೆನ್ನಹಿಂದೆ ಗಾಳಿ ತೆರವಾಗುತ್ತದೆ. ಆ ತೆರವನ್ನು ತುಂಬಲು ಹಿಂದಿನ ಗಾಳಿ ಸುರುಳಿಯಾಗಿ ಮುಂದಕ್ಕೆ ಮಗುಚುತ್ತದೆ; ಹೊಗೆಯನ್ನೂ ಎಳೆದುಕೊಂಡು ಬರುತ್ತದೆ. ನಮ್ಮ ಬಸ್ಸುಗಳ ಹಿಂಗಾಜಿಗೆ ಧೂಳು ಮೆತ್ತುವುದೂ ಹೀಗೆಯೇ. ಮೇಲೆ ಚಾವಣಿ, ಸುತ್ತ ಪರದೆಯಿದ್ದು ಹಿಂಬದಿ ಮಾತ್ರ ತೆರೆದಿರುವ ದೋಣಿಯಲ್ಲಿ ಇದು ಹೆಚ್ಚು. ವಾಸನೆ ಬರುತ್ತಿದೆಯೆಂದು ಮುಂದಿನ ಕಿಟಕಿ ಮುಚ್ಚಿದರೆ ಇನ್ನೂ ಹೆಚ್ಚು. ಮುಂದಿನದನ್ನು ತೆರೆದು ಗಾಳಿ ಮುಂದಿನಿಂದ ಹಿಂದಕ್ಕೆ ಹರಿಯುವಂತೆ ಮಾಡಬೇಕು.

ಶಾಲೆ ಮತ್ತೆ ತೆರೆದ ದಿನ ಅವಳನ್ನು ಕರೆದು ಇದನ್ನು ಹೇಳಿದೆ, ಹಲಗೆಯ ಮೇಲೆ ಚಿತ್ರವನ್ನೂ ಬರೆದೆ. ಚಿತ್ರ ದೋಣಿಗಿಂತ ಬಾಳೆದೊನ್ನೆಯಂತೆ ಬಂತು. ಅವಳು ಅದನ್ನು ನೋಡಿ, "ಹಾಗಿದ್ರೆ ಸಾರ್, ಬಸ್ಸಲ್ಲೂ ಹಿಂದಿನ ಬಾಗಿಲು ತೆಗೆದು ಮುಂದಿನ ಕಿಟಕಿ ಹಾಕಬಾರದು ಅಲ್ವಾ?" ಎಂದು ಕೇಳಿದಳು. ಅವಳು ಬರುವುದು ಅಜ್ಜಂಪುರದ ಬಸ್ಸಿನಲ್ಲಿ. ಹೌದಮ್ಮ ಎಂದೆ.